ವರ್ಷಾಂತ್ಯ ಯಾವಾಗ ಅಂತ ಮೊದಲು ಕೇಳು

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೀತೀನಿ. ತೀರ್ಥಹಳ್ಳಿ ಕಡೆಯವಳು, ಬೆಂಗಳೂರಿನ ಕಂಪನಿಯಲ್ಲಿ ಬಿಆರ್‌ಎಸ್‌ಆರ್ ವರದಿ (ಕಂಪನಿಯ ಪರಿಸರ, ಸಾಮಾಜಿಕ ಹೊಣೆಯ ವರದಿ) ಮಾಡ್ತಿದೀನಿ, ಲಂಡನ್ನಿನ ರಿಪೋರ್ಟಿಂಗ್ ಕನ್ಸಲ್ಟಿಂಗ್ ಸಂಸ್ಥೆಯೊಂದರಿಂದ ಆಫರ್ ಬಂದಿದೆ ಅಂದಿದ್ದೀಯ. ಚಳಿ ತಡೀಬಹುದಾ, ಮನೆ ಸಿಗುತ್ತಾ, ಈ ಕೆಲಸದಿಂದ ಬಿಸಿನೆಸ್ ಕನ್ಸಲ್ಟಿಂಗ್‌ಗೆ ದಾರಿ ಇದೆಯಾ, ಅಪ್ಪ ಅಮ್ಮ ಇಬ್ಬರೇ ತೋಟದ ಮನೇಲಿರೋದ್ರಿಂದ ಬೇಕಾದಾಗ ಊರಿಗೆ ಬಂದು ಹೋಗಬಹುದಾ ಅಂತ ನಿನ್ನ ಪ್ರಶ್ನೆ.

ಚಳಿ ದೊಡ್ಡ ವಿಷಯ ಅಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತಲ್ಲ, ಅದಕ್ಕೆ ಮನಸ್ಸು ಒಗ್ಗಬೇಕು ಅಷ್ಟೆ. ಮನೆ ಸಿಗುತ್ತೆ, ಕಣ್ಣಾರೆ ನೋಡದೆ ದುಡ್ಡು ಕಳಿಸಬೇಡ.

ದಾರಿ ಇದೆ, ಆದರೆ ನೆಟ್ಟಗಿಲ್ಲ. ನಾನು ಶಿವಮೊಗ್ಗದಲ್ಲಿ ಬಿ.ಕಾಂ. ಮುಗಿಸಿದವಳು. ಸಿಎ ಇಂಟರ್ ದಾಟಲಿಲ್ಲ. ಬೆಂಗಳೂರಿನ ಆಡಿಟರ್ ಆಫೀಸಿನಲ್ಲಿ ವೋಚರ್ ತಿರುವುತ್ತಾ ಇದ್ದೆ, ಮದುವೆಯಾಗಿ ಇಲ್ಲಿಗೆ, ಬ್ರಿಟನ್ನಿಗೆ ಬಂದೆ. ಮೊದಲು ಸಿಕ್ಕಿದ್ದು ಕಂಪನಿಗಳ ವಾರ್ಷಿಕ ವರದಿ ಅಚ್ಚು ಮಾಡುವ ಪ್ರೆಸ್‌ನಲ್ಲಿ ರಾತ್ರಿ ಪಾಳಿಯ ಪ್ರೂಫ್ ನೋಡುವ ಕೆಲಸ. ಬೆಳಿಗ್ಗೆ ಏಳಕ್ಕೆ ಷೇರುಪೇಟೆಗೆ ಫಲಿತಾಂಶ ಹೋಗಬೇಕಾದರೆ ಹಿಂದಿನ ರಾತ್ರಿ ಯಾರಿಗೂ ನಿದ್ದೆ ಇರಲ್ಲ. ಒಂದು ವರದಿಯಲ್ಲಿ ಅಧ್ಯಕ್ಷರ ಮಾತಿನಲ್ಲಿ ಉದ್ಯೋಗಿಗಳ ಸಂಖ್ಯೆ ಒಂದಿತ್ತು, ಲೆಕ್ಕದ ಟಿಪ್ಪಣಿಯಲ್ಲಿ ಇನ್ನೊಂದು. ಅಕ್ಷರ ನೋಡೋದಷ್ಟೇ ನನ್ನ ಕೆಲಸ, ಆದರೂ ಅಂಚಿನಲ್ಲಿ ‘ಯಾವುದು ಸರಿ?’ ಅಂತ ಬರೆದೆ. ಎರಡೂ ಸರಿ ಇತ್ತು. ಅಧ್ಯಕ್ಷರ ಕಡೆಯವರು ವರ್ಷದ ಕೊನೇ ದಿನದ ತಲೆ ಎಣಿಸಿದ್ದರು, ಲೆಕ್ಕದವರು ಕಾನೂನು ಕೇಳುವ ಹಾಗೆ ವರ್ಷದ ಸರಾಸರಿ ಹಿಡಿದಿದ್ದರು. ಎರಡಕ್ಕೂ ವಿವರಣೆ ಸೇರಿಸಿದರು. ಅಲ್ಲಿಂದ ಬರೆಯುವ ತಂಡಕ್ಕೆ ಹೋದೆ, ಆಮೇಲೆ ಸಲಹೆ ಕೊಡುವ ತಂಡಕ್ಕೆ. ಈಗ ಸ್ವಂತ ಕನ್ಸಲ್ಟಿಂಗ್. ಸಿಎ ಆಗದವಳು ಸಿಎಗಳಿಗೆ ಸಲಹೆ ಕೊಡ್ತೀನಿ ಅಂತ ಹೇಳಿಕೊಳ್ಳೋಕೆ ನನಗೆ ಸಂಕೋಚ ಏನೂ ಇಲ್ಲ.

ಬಿಆರ್‌ಎಸ್‌ಆರ್ ಅನುಭವ ಅಂದ್ರೆ ಕಮ್ಮಿ ಅಂದುಕೋಬೇಡ. ನಮ್ಮ ಷೇರುಪೇಟೆ ನಿಯಂತ್ರಕ ಸೆಬಿ ಅದನ್ನು 2022-23ರಿಂದ ದೊಡ್ಡ 1000 ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯ ಮಾಡಿತು. ಐಎಫ್‌ಆರ್‌ಎಸ್ ಎಸ್1, ಎಸ್2 ಅನ್ನೋ ಅಂತರರಾಷ್ಟ್ರೀಯ ಸುಸ್ಥಿರತಾ ವರದಿ ಮಾನದಂಡಗಳು ಬಂದಿದ್ದೇ ಜೂನ್ 2023ರಲ್ಲಿ. ಫ್ಯಾಕ್ಟರಿಗೆ ಫೋನ್ ಮಾಡಿ ಈ ನೀರಿನ ಅಂಕಿ ಮೀಟರ್‌ನದ್ದೋ ಅಂದಾಜಿನದ್ದೋ ಅಂತ ಬೆನ್ನು ಹತ್ತೋದು ಅಲ್ಲೂ ಅದೇ, ಇಲ್ಲೂ ಅದೇ. ನಮ್ಮ ಕಡೆ ಸೊಸೈಟಿ ವಾರ್ಷಿಕ ಸಭೆ ನೋಟಿಸಿನ ಪುಸ್ತಕ ಮನೆಗೆ ಬಂದಾಗ ಹಿರಿಯರು ಶ್ರದ್ಧಾಂಜಲಿ, ಅಧ್ಯಕ್ಷರ ಮಾತು ಎಲ್ಲ ಹಾರಿಸಿ ಸೀದಾ ಆಸ್ತಿ-ಜವಾಬ್ದಾರಿ ತಖ್ತೆಗೆ ಹೋಗಿ, ಸುಸ್ತಿ ಸಾಲ ಎಷ್ಟು ಅಂತ ನೋಡ್ತಿದ್ದರಲ್ಲ, ಹಾಗೆ ಓದೋದು ಬಂದರೆ ಕನ್ಸಲ್ಟಿಂಗ್‌ನ ಅರ್ಧ ಬಂದ ಹಾಗೆ. ಇಲ್ಲಿ ಕ್ಯಾರಿಲಿಯನ್ ಅಂತ ದೊಡ್ಡ ಕಟ್ಟಡ ಕಾಮಗಾರಿ ಕಂಪನಿ ಇತ್ತು. ಮಾರ್ಚ್ 2017ರ ವರದಿಯಲ್ಲಿ ಲಾಭಾಂಶ ಹೆಚ್ಚಿಸಿದ್ದರು. ಜುಲೈನಲ್ಲಿ 84.5 ಕೋಟಿ ಪೌಂಡ್ ನಷ್ಟಕ್ಕೆ ಬರೆದರು, ಜನವರಿ 2018ಕ್ಕೆ ಬಾಗಿಲು ಹಾಕಿತು. ಹೊಸಬರು ಕೆಲಸಕ್ಕೆ ಸೇರಿದರೆ ನಾನು ಮೊದಲು ಓದಿಸೋದು ಆ ವರದಿ.

ಇನ್ನು ಊರಿನ ಪ್ರಶ್ನೆ. ನೀನು ಕೊನೆಗೆ ಒಂದು ಸಾಲಲ್ಲಿ ಕೇಳಿದ್ದೀಯ, ನನಗೆ ಅದೇ ಮುಖ್ಯ ಅನ್ನಿಸಿತು.

ಇಲ್ಲಿ ಬಹಳ ಕಂಪನಿಗಳ ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತೆ. ಲಿಸ್ಟೆಡ್ ಕಂಪನಿ ನಾಲ್ಕು ತಿಂಗಳೊಳಗೆ ವರದಿ ಹೊರಡಿಸಬೇಕು. ಅಂದರೆ ಜನವರಿಯಿಂದ ಮಾರ್ಚ್ ಕೊನೆವರೆಗೆ ರಜೆ ಅನ್ನೋ ಮಾತೇ ಎತ್ತೋ ಹಾಗಿಲ್ಲ. ಆ ತಿಂಗಳಲ್ಲಿ ನಮ್ಮಲ್ಲಿ ಏನು ನಡೆಯುತ್ತೆ ನಿನಗೆ ಹೇಳಬೇಕಾಗಿಲ್ಲ. ಅಡಿಕೆ ಕೊನೆ ಕೊಯ್ಲು, ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತ ಸುಲಿಯುವವರು, ಅಡಿಕೆ ಬೇಯಿಸುವ ಹಂಡೆಯಿಂದ ಏಳುವ ಚೊಗರಿನ ವಾಸನೆ, ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಕಾಂಬಾ ಜಾತ್ರೆ. ನಾನು ಬರುತ್ತಿದ್ದದ್ದು ಆಗಸ್ಟಿನಲ್ಲಿ. ಧೋ ಅಂತ ಮಳೆ, ಅಪ್ಪ ಕೊಳೆರೋಗದ ಚಿಂತೆಯಲ್ಲಿ, ಮಾತಿಗೂ ಸಿಗುತ್ತಿರಲಿಲ್ಲ. ‘ಸುಗ್ಗಿಗೆ ಬಾರೇ’ ಅಂತ ಅಮ್ಮ ಪ್ರತಿ ಸಲ ಹೇಳೋಳು. ನಾನು ‘ಮುಂದಿನ ವರ್ಷ’ ಅಂತಿದ್ದೆ. ಸ್ವಂತ ಕೆಲಸ ಶುರು ಮಾಡಿದ ಮೇಲೆ ಮಾರ್ಚ್ ವರ್ಷಾಂತ್ಯದ ಕ್ಲೈಂಟ್‌ಗಳನ್ನೇ ಹುಡುಕಿ ಹಿಡಿದೆ, ನನ್ನ ಗಡಿಬಿಡಿ ಏಪ್ರಿಲ್‌ಗೆ ಹೋಯಿತು. ಅಷ್ಟರಲ್ಲಿ ಅಪ್ಪನಿಗೆ ಆಳು ಹುಡುಕಿ ಹುಡುಕಿ ಸಾಕಾಗಿ ತೋಟ ಚೇಣಿಗೆ, ಅಂದ್ರೆ ಫಸಲಿನ ಗುತ್ತಿಗೆಗೆ ಕೊಟ್ಟಾಗಿತ್ತು. ಈಗ ಜನವರಿಯಲ್ಲೇ ಹೋಗ್ತೀನಿ. ಚೇಣಿಯವರು ಹಸಿ ಅಡಿಕೆಯನ್ನೇ ಪಿಕಪ್‌ಗೆ ತುಂಬಿಕೊಂಡು ಹೋಗ್ತಾರೆ, ಅಂಗಳಕ್ಕೆ ಚಪ್ಪರ ಹಾಕೋದೂ ಬಿಟ್ಟಿದ್ದಾರೆ. ಈ ಒಂದು ವಿಷಯ ನನಗೆ ಇವತ್ತಿಗೂ ಸರಿಹೋಗಿಲ್ಲ.

ಅದಕ್ಕೆ ಹೇಳ್ತೀನಿ, ಸಂಬಳ ಎಷ್ಟು ಅಂತ ಕೇಳಿದಷ್ಟೇ ಧೈರ್ಯವಾಗಿ ಅವರ ಕ್ಲೈಂಟ್‌ಗಳ ವರ್ಷಾಂತ್ಯ ಯಾವಾಗ ಅಂತ ಕೇಳು. ಕನ್ಸಲ್ಟಿಂಗ್ ಸಂಸ್ಥೆ ಅಂದ್ರೆ ಡಿಸೆಂಬರ್‌ನವರು, ಮಾರ್ಚ್‌ನವರು, ಜೂನ್‌ನವರು ಎಲ್ಲ ಇರ್ತಾರೆ, ನಿನ್ನನ್ನು ಯಾವ ತಂಡಕ್ಕೆ ಹಾಕ್ತಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಜನವರಿಯಲ್ಲಿ ಎರಡು ವಾರ ಊರಿಂದಲೇ ಕೆಲಸ ಮಾಡಬಹುದಾ ಅಂತಲೂ ಕೇಳಿ, ಉತ್ತರ ಮೇಲ್‌ನಲ್ಲಿ ತಗೋ. ನಮ್ಮವರ ಹಾಗೆ ದಾಕ್ಷಿಣ್ಯಕ್ಕೆ ಬಿದ್ದು ಸುಮ್ಮನಾಗಬೇಡ, ಇಲ್ಲಿ ಕೇಳಿದವರನ್ನು ಯಾರೂ ತಪ್ಪು ತಿಳಿಯಲ್ಲ. ಅವರು ಏನಂದರು ಬರಿ. ನೋಟಿಸ್ ಪೀರಿಯಡ್ ಎಷ್ಟು ಅಂತ ನೀನು ಹೇಳಿಲ್ಲ, ಅದನ್ನೂ ಬರಿ.