ಗೋಡೆಯ ಮೇಲಿನ ಆ ಕಾಗದವನ್ನು ಕಿತ್ತು ತೆಗೆಯಿರಿ

ಓದುಗರ ಪತ್ರ: "ಮಾನ್ಯ ಸಂಪಾದಕರಿಗೆ ಸಲಾಂ. ನನ್ನ ಹಿರಿಯ ಮಗನಿಗೆ 19 ವರ್ಷ. ಎರಡು ವರ್ಷದಿಂದ ಮಲ್ಪೆಯಲ್ಲಿ ಮೀನು ಹಿಡಿಯುವ ಪರ್ಸೀನ್ ಬೋಟಿಗೆ ಹೋಗುತ್ತಾನೆ. ನಮಾಜ್ ಪೂರ್ತಿ ಬಿಟ್ಟಿದ್ದಾನೆ, ಶುಕ್ರವಾರದ ಜುಮಾ ಕೂಡ ಇಲ್ಲ. ಅವನ ತಂದೆ ಅವನೊಡನೆ ಮಾತು ಬಿಟ್ಟು ಮೂರು ತಿಂಗಳಾಯಿತು. 'ನಮಾಜ್ ಬಿಟ್ಟವನಿಗೆ 15 ಶಿಕ್ಷೆಗಳು' ಎಂಬ ಕರಪತ್ರ ತಂದು ಅಡುಗೆಮನೆ ಗೋಡೆಗೆ ಅಂಟಿಸಿದ್ದಾರೆ. ಎಂಟು ವರ್ಷದ ಮಗಳು ಅದನ್ನು ಓದಿಕೊಂಡು, ಕಬರಿನಲ್ಲಿ (ಗೋರಿಯಲ್ಲಿ) ಅಣ್ಣನಿಗೆ ಹಾವು ಕಚ್ಚುತ್ತದೆ ಎಂದು ರಾತ್ರಿ ಎದ್ದು ಅಳುತ್ತಾಳೆ. ನಮಾಜ್ ಬಿಟ್ಟವನು ಮುಸ್ಲಿಮನಾಗಿ ಉಳಿಯುತ್ತಾನೆಯೇ? ಅವನ ಜೊತೆ ಕೂತು ಉಣ್ಣಬಹುದೇ? ಕರಪತ್ರವನ್ನು ಪೂರ್ತಿ ನಕಲು ಮಾಡಿ ಕಳಿಸಿದ್ದೇನೆ. ಹುಡುಗರಿಗೆ ಹೆದರಿಕೆ ಹುಟ್ಟುವಂತೆ ಅಚ್ಚು ಹಾಕಿ."
ಓರ್ವ ತಾಯಿ, ಹೊನ್ನಾವರ ತಾಲೂಕು

ಸಂಪಾದಕರ ಉತ್ತರ:

ವ ಅಲೈಕುಮುಸ್ಸಲಾಂ, ಸಹೋದರಿ. ಕರಪತ್ರವನ್ನು ನಾವು ಅಚ್ಚು ಹಾಕುವುದಿಲ್ಲ. ನಿಮ್ಮ ಅಕ್ಷರ ದುಂಡಾಗಿದೆ, ಒಂದು ಕಾಗುಣಿತವೂ ತಪ್ಪಿಲ್ಲ. ಇಷ್ಟು ಶ್ರದ್ಧೆಯಿಂದ ಕೂತು ಬರೆದ ತಾಯಿಗೆ ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ, ಆದರೂ ಹೇಳಲೇಬೇಕು. ಅದನ್ನು ಓದಿಯೇ ನಿಮ್ಮ ಮನೆಯ ಮಗುವೊಂದು ನಿದ್ದೆ ಕಳೆದುಕೊಂಡಿದೆ.

ನಮಾಜ್ ಬಿಡುವುದು ಸಣ್ಣ ಮಾತೆಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ಭಾವಿಸಬೇಡಿ. ಮನುಷ್ಯನಿಗೂ ದೇವರಿಗೆ ಸಹಭಾಗಿಯನ್ನು ಕಲ್ಪಿಸುವ, ದೇವರನ್ನು ನಿರಾಕರಿಸುವ ಶಿರ್ಕ್-ಕುಫ್ರ್‌ಗೂ ನಡುವೆ ಇರುವುದು ನಮಾಜನ್ನು ತೊರೆಯುವುದೇ ಎಂಬ ಪ್ರವಾದಿ(ಸ)ಯವರ ಮಾತು ಹದೀಸ್ (ಪ್ರವಾದಿ ವಚನ) ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿದೆ. ಇಳಿಹೊತ್ತಿನ ಅಸರ್ ನಮಾಜ್ ತಪ್ಪಿಸಿಕೊಂಡವನು ಮನೆಮಂದಿಯನ್ನೂ ಆಸ್ತಿಯನ್ನೂ ಕಳೆದುಕೊಂಡವನಂತೆ ಎಂದೂ ಅವರು ಹೇಳಿದ್ದಾರೆ. ಎರಡನೇ ಖಲೀಫ ಉಮರ್(ರ) ಇರಿತಕ್ಕೊಳಗಾಗಿ ರಕ್ತ ಸುರಿಯುತ್ತಿದ್ದಾಗಲೂ ಮುಂಜಾನೆಯ ಫಜ್ರ್ ನಮಾಜ್ ಮಾಡಿದರು. ಹೆದರಿಕೆಗೂ ದೀನಿನಲ್ಲಿ, ಅಂದರೆ ಧರ್ಮದಲ್ಲಿ, ಜಾಗವಿದೆ, ಒಪ್ಪಿದೆ.

ಆದರೆ ಆ ಹೆದರಿಕೆ ಸತ್ಯದ ಹೆದರಿಕೆಯಾಗಿರಬೇಕು. ಬದುಕಿರುವಾಗ ಇಷ್ಟು, ಸಾಯುವಾಗ ಇಷ್ಟು, ಕಬರಿನಲ್ಲಿ ಇಷ್ಟು ಎಂದು ಎಣಿಸಿ 15 ಶಿಕ್ಷೆ ಹೇಳುವ ಈ ವರದಿ ಪ್ರವಾದಿಯವರ ಮಾತೇ ಅಲ್ಲ. ಹದೀಸ್ ವರದಿಗಾರರನ್ನು ಒಬ್ಬೊಬ್ಬರಾಗಿ ಜರಡಿ ಹಿಡಿದ ಇಮಾಮ್ ಝಹಬಿ, ಇದು ಕಟ್ಟಿದ ಸುಳ್ಳು ಎಂದು 14ನೇ ಶತಮಾನದಲ್ಲೇ ಬರೆದಿಟ್ಟರು. ಅವರ ನಂತರ ಬಂದ ಇಬ್ನ್ ಹಜರ್ ಅಸ್ಕಲಾನಿಯವರೂ ಅದನ್ನೇ ಹೇಳಿದರು. ದೊಡ್ಡ ದೊಡ್ಡ ಆಲಿಮರು ಆರು ನೂರು ವರ್ಷದ ಹಿಂದೆ ಹೊರಗೆಸೆದ ಸರಕು ಇಂದಿಗೂ ನಮ್ಮ ಅಡುಗೆಮನೆ ಗೋಡೆಯ ಮೇಲಿದೆ, ದಿನ ಬೆಳಗಾದರೆ ವಾಟ್ಸಾಪಿನಲ್ಲಿ ಬರುತ್ತದೆ.

ಇನ್ನು ಆ ಹಾವಿನ ವಿಷಯ. ಸಹೀಹ್ ಬುಖಾರಿಯಲ್ಲಿ ಒಂದು ಹಾವು ಬರುತ್ತದೆ. ಬೋಳು ತಲೆ, ಕಣ್ಣಿನ ಮೇಲೆ ಎರಡು ಕಪ್ಪು ಚುಕ್ಕೆ. ಅಂತಿಮ ದಿನ ಅದು ಒಬ್ಬನ ಕೊರಳಿಗೆ ಸುತ್ತಿಕೊಂಡು, ಕೆನ್ನೆ ಹಿಡಿದು, "ನಾನೇ ನಿನ್ನ ಸಂಪತ್ತು, ನಾನೇ ನಿನ್ನ ನಿಧಿ" ಎನ್ನುತ್ತದೆ. ಯಾರ ಕೊರಳಿಗೆ? ಅಲ್ಲಾಹನು ಕೊಟ್ಟ ಸಂಪತ್ತಿನಿಂದ ಝಕಾತ್ (ಬಡವರಿಗೆ ಸಲ್ಲಬೇಕಾದ ಕಡ್ಡಾಯ ದಾನ) ಕೊಡದವನ ಕೊರಳಿಗೆ. ಸಹೋದರಿ, ಇದನ್ನು ಎರಡು ಸಲ ಓದಿ. ಝಕಾತ್ ನುಂಗಿದ ಸಿರಿವಂತನ ಕೊರಳಿನಲ್ಲಿದ್ದ ಹಾವನ್ನು ಬಿಡಿಸಿ ತಂದು ಬೋಟಿನಲ್ಲಿ ಬಲೆ ಎಳೆಯುವ ಹುಡುಗನ ಕೊರಳಿಗೆ ಸುತ್ತಿದ್ದಾರೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಕುರ್‌ಆನನ್ನೂ ಇವರು ಅರ್ಧಕ್ಕೇ ನಿಲ್ಲಿಸುತ್ತಾರೆ. ನೀವು ಕಳಿಸಿದ ನಕಲಿನಲ್ಲಿ ಮುದ್ದಸ್ಸಿರ್ ಅಧ್ಯಾಯದ ವಚನವಿದೆ: ನಿಮ್ಮನ್ನು ನರಕಕ್ಕೆ ತಂದದ್ದು ಏನು ಎಂದು ಕೇಳಿದಾಗ, "ನಾವು ನಮಾಜ್ ಮಾಡುವವರಾಗಿರಲಿಲ್ಲ" ಎನ್ನುತ್ತಾರೆ. ಅದು 43ನೆಯದು. ಅದೇ ಉಸಿರಿನಲ್ಲಿ ಬರುವ 44ನೆಯದು, "ಬಡವರಿಗೆ ಉಣಿಸುತ್ತಲೂ ಇರಲಿಲ್ಲ" ಎಂಬುದು, ಕರಪತ್ರದಲ್ಲಿ ಇಲ್ಲ. ಮರ್ಯಮ್ ಅಧ್ಯಾಯದ 59ನೇ ವಚನ ಇದೆ, ನಮಾಜನ್ನು ಹಾಳುಗೆಡವಿ ಆಸೆಗಳ ಬೆನ್ನು ಹತ್ತಿದವರ ಬಗ್ಗೆ. ಪಶ್ಚಾತ್ತಾಪಪಟ್ಟು ಮರಳಿದವರಿಗೆ ಬಾಗಿಲು ತೆರೆಯುವ 60ನೆಯದು ಇಲ್ಲ. ಕಾಗದದಲ್ಲಿ ಜಾಗ ಸಾಲಲಿಲ್ಲವೆನ್ನೋಣವೇ? ಕೆಳಗೆ ಅಚ್ಚು ಹಾಕಿಸಿದವರ ಹೆಸರುಗಳಿಗೆ ಮೂರು ಸಾಲು ಜಾಗವಿದೆ.

ನನ್ನ ಮೇಲಿರುವ ಒಂದು ಭಾರವನ್ನು ಇಲ್ಲಿ ಹೇಳಿಬಿಡುತ್ತೇನೆ. ಹರೆಯದಲ್ಲಿ ನಾನು ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅಲ್ಲಿ ಹಮಾಲಿ ಕೆಲಸಕ್ಕೆ ನನ್ನದೇ ವಯಸ್ಸಿನ ಹುಡುಗನೊಬ್ಬನಿದ್ದ. ಕೊಯ್ಲಿನ ದಿನಗಳಲ್ಲಿ ತಾಯಿಯ ಜೊತೆ ತೋಟದ ಮನೆಗಳಿಗೆ ಹಸಿ ಅಡಿಕೆ ಸುಲಿಯಲು ಹೋಗುತ್ತಿದ್ದ. ಅಡಿಕೆಯ ಚೊಗರು ನಿಮಗೆ ಗೊತ್ತಿರಬಹುದು. ಹುಣಸೆಹುಳಿ ಹಾಕಿ ತಿಕ್ಕಿದರೂ ಉಗುರಿನ ಸಂದಿಯಿಂದ, ಅಂಗೈ ಗೆರೆಗಳಿಂದ ಹೋಗುವುದಿಲ್ಲ. ಒಂದು ದಿನ ಸಂಜೆಯ ಮಗ್ರಿಬ್‌ಗೆ ಸಾಲು ನಿಂತಾಗ ಹಿರಿಯರೊಬ್ಬರು ಅವನ ಕೈ ನೋಡಿದರು. "ಈ ಕೈಯಲ್ಲಿ ವುಝೂ (ನಮಾಜಿಗೆ ಮುಂಚಿನ ಅಂಗಶುದ್ಧಿ) ಆಗುವುದಿಲ್ಲ. ನಿನ್ನ ನಮಾಜ್ ನಮಾಜೇ ಅಲ್ಲ. ಹೊಸ ಜಮಖಾನೆಗೆ ಬೇರೆ ಬಣ್ಣ ಹತ್ತಿಸಬೇಡ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹುಡುಗ ಅಂಗೈ ನೋಡಿಕೊಂಡ, ಮಗುಚಿ ಹಿಂಗೈ ನೋಡಿಕೊಂಡ. ಆಮೇಲೆ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಗೆ ಹೋದ. ಅವನು ಬಿಟ್ಟ ಜಾಗವನ್ನು ತುಂಬಲು ಪಕ್ಕದವರು ಒಂದು ಹೆಜ್ಜೆ ಸರಿದರು. ಆ ಪಕ್ಕದವರಲ್ಲಿ ನಾನೂ ಒಬ್ಬ. 'ಅಲ್ಲಾಹು ಅಕ್ಬರ್' ಎಂದು ತಕ್ಬೀರ್ ಹೇಳಿ ಕೈ ಕಟ್ಟಿದೆ.

ಉಜ್ಜಿ ತೊಳೆದ ಮೇಲೂ ಉಳಿಯುವ ಬಣ್ಣ ವುಝೂವನ್ನು ಕೆಡಿಸುವುದಿಲ್ಲ. ನೀರು ಚರ್ಮಕ್ಕೆ ತಾಗದಂತೆ ಪದರ ಕಟ್ಟಿದರೆ ಮಾತ್ರ ತೊಂದರೆ. ಮದರಂಗಿ ಹಚ್ಚಿದ ಹೆಣ್ಣುಮಕ್ಕಳು ನಮಾಜ್ ಮಾಡುವುದಿಲ್ಲವೇ? ಇಷ್ಟು ಸಣ್ಣ ಮಸ್ಅಲೆ (ಧರ್ಮವಿಧಿ) ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಹುಡುಗ ಮತ್ತೆ ಮಸೀದಿಯ ಮೆಟ್ಟಿಲು ಹತ್ತಲಿಲ್ಲ.

ಹನ್ನೊಂದು ವರ್ಷದ ಮೇಲೆ ಅವನ ತಾಯಿ ತೀರಿಕೊಂಡರು. ಅಂತ್ಯಸಂಸ್ಕಾರದ ಜನಾಝಾಕ್ಕೆ ನಾನು ಹೋಗಿದ್ದೆ. ಹೆತ್ತ ಮಗ ಮುಂದಿನ ಸಾಲಿನಲ್ಲಿ ನಿಲ್ಲಬೇಕಿತ್ತು. ಅವನು ಚಪ್ಪಲಿ ಕೈಯಲ್ಲಿ ಹಿಡಿದು ಎಲ್ಲರಿಗಿಂತ ಹಿಂದೆ ನಿಂತಿದ್ದ. ಯಾರೋ ತೋಳು ಹಿಡಿದು ಎಳೆದುಕೊಂಡರು. ಮೂರನೇ ತಕ್ಬೀರ್ ಆದ ಮೇಲೆ ಮೃತರಿಗಾಗಿ ದುಆ (ಪ್ರಾರ್ಥನೆ) ಓದಬೇಕು. ಅವನ ತುಟಿ ಅಲುಗಲಿಲ್ಲ. ದಫನ್ ಮುಗಿಸಿ ಬರುವಾಗ ನನ್ನ ಹತ್ತಿರ, "ಅಮ್ಮನಿಗೆ ಕೇಳಿಕೊಳ್ಳುವುದಕ್ಕೆ ಒಂದು ಮಾತೂ ನೆನಪಾಗಲಿಲ್ಲ ಮಾರಾಯ" ಎಂದ. ಬಿಟ್ಟ ನಮಾಜ್ ಈ ಲೋಕದಲ್ಲಿ ಏನು ಕಿತ್ತುಕೊಳ್ಳುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಅದು. ಆಯುಷ್ಯದ ಬರಕತ್ತು ಹೋಗುತ್ತದೆ, ಮುಖದ ಕಳೆ ಹೋಗುತ್ತದೆ ಎಂದು ಕರಪತ್ರ ಹೇಳುತ್ತದೆ. ಆ ಹುಡುಗನ ಮುಖದಲ್ಲಿ ಕಳೆ ಇತ್ತು, ಸಹೋದರಿ. ಅವನಿಗೆ ಇಲ್ಲವಾದದ್ದು ಮಾತು.

ಈಗ ನಿಮ್ಮ ಪ್ರಶ್ನೆ. ನಮಾಜ್ ಕಡ್ಡಾಯವೇ ಅಲ್ಲ ಎಂದು ನಿರಾಕರಿಸುವವನು ಇಸ್ಲಾಮಿನಿಂದ ಹೊರಗೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕಡ್ಡಾಯವೆಂದು ಒಪ್ಪಿಯೂ ಸೋಮಾರಿತನದಿಂದ ಬಿಟ್ಟವನು ಘೋರ ಪಾಪಿ, ಆದರೆ ಮುಸ್ಲಿಮನೇ ಎಂದು ಇಮಾಮ್ ಅಬೂ ಹನೀಫಾ, ಇಮಾಮ್ ಮಾಲಿಕ್, ಇಮಾಮ್ ಶಾಫಿಈ ಹೇಳುತ್ತಾರೆ. ಇಮಾಮ್ ಅಹ್ಮದ್ ಬಿನ್ ಹಂಬಲರ ಪ್ರಸಿದ್ಧ ಅಭಿಪ್ರಾಯ ಇದಕ್ಕಿಂತ ಕಠಿಣ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಕರಾವಳಿಯ ನಾವು ಹೆಚ್ಚಿನವರು ಇಮಾಮ್ ಶಾಫಿಈಯವರ ಪಂಥದ ಶಾಫಿಈಗಳು, ಘಟ್ಟದ ಮೇಲಿನವರು ಹೆಚ್ಚಾಗಿ ಅಬೂ ಹನೀಫಾರ ಪಂಥದ ಹನಫಿಗಳು. ಹೆತ್ತ ಮಗನನ್ನು ದೀನಿನಿಂದ ಹೊರಹಾಕುವ ತೀರ್ಪು ಅಡುಗೆಮನೆಯಲ್ಲಿ ಆಗುವಂಥದ್ದಲ್ಲ. ಅವನೊಡನೆ ಖಂಡಿತ ಉಣ್ಣಿ. ಮೊದಲ ತುತ್ತು ನೀವೇ ಬಡಿಸಿ.

ಒಂದು ಮಾತಿಗೆ ಬೇಸರಿಸಬೇಡಿ. ಪತ್ರ ಮೂರು ಪುಟ ಇದೆ. ಗಂಡ ಏನೆಂದರು, ಪಕ್ಕದ ಮನೆಯವರು ಏನೆಂದರು, ಕರಪತ್ರ ಏನೆನ್ನುತ್ತದೆ, ಎಲ್ಲ ಇದೆ. ಮಗ ಏನು ಹೇಳುತ್ತಾನೆ ಎಂದು ಒಂದು ಸಾಲೂ ಇಲ್ಲ. ಯಾಕೆ ಬಿಟ್ಟೆ ಎಂದು ಅವನನ್ನು ಕೇಳಿದ್ದೀರಾ? ಬೋಟಿನಲ್ಲಿ ಕುಡಿಯುವ ನೀರಿಗೇ ಲೆಕ್ಕ, ವುಝೂ ಎಲ್ಲಿಂದ ಎಂದು ಮೊದಲ ವಾರ ಬಿಟ್ಟಿರಬಹುದು. ಮೈಯೆಲ್ಲ ಮೀನಿನ ವಾಸನೆ ಎಂದು ಎರಡನೇ ವಾರ ನಾಚಿರಬಹುದು. ಮೂರನೇ ವಾರ ಅದು ರೂಢಿಯಾಗಿಬಿಟ್ಟಿರುತ್ತದೆ. ಇದೇ ಸಂಗತಿಯನ್ನು ಪ್ರವಾದಿ(ಸ)ಯವರಲ್ಲಿ ಒಬ್ಬರು ಕೇಳಿದ್ದರು: ನಾವು ಸಮುದ್ರಕ್ಕೆ ಹೋಗುತ್ತೇವೆ, ಸಿಹಿನೀರು ಸ್ವಲ್ಪವೇ ಇರುತ್ತದೆ, ಅದರಲ್ಲಿ ವುಝೂ ಮಾಡಿದರೆ ಬಾಯಾರುತ್ತೇವೆ, ಸಮುದ್ರದ ನೀರಲ್ಲಿ ಮಾಡಬಹುದೇ? "ಅದರ ನೀರು ಶುದ್ಧಗೊಳಿಸುವಂಥದ್ದು, ಅದರಲ್ಲಿ ಸತ್ತದ್ದೂ ನಿಮಗೆ ಹಲಾಲ್" ಎಂದರು. ಬೋಟು ಹೊಯ್ದಾಡುವಾಗ ನಿಲ್ಲಲಾಗದಿದ್ದರೆ ಕೂತು ಮಾಡಬಹುದು. ಮೀನಿನ ವಾಸನೆಯ ಬಟ್ಟೆ ನಮಾಜಿಗೆ ಅಡ್ಡಿಯಲ್ಲ. ದೂರದ ಪ್ರಯಾಣದಲ್ಲಿದ್ದರೆ ನಾಲ್ಕು ರಕಅತಿನ (ನಮಾಜಿನ ಸುತ್ತಿನ) ನಮಾಜ್ ಎರಡಾಗುತ್ತದೆ. ಶಾಫಿಈ ಪ್ರಕಾರ ಮಧ್ಯಾಹ್ನದ ಝುಹರನ್ನು ಅಸರ್ ಜೊತೆಗೆ, ಮಗ್ರಿಬನ್ನು ರಾತ್ರಿಯ ಇಶಾ ಜೊತೆಗೆ ಮಾಡಲೂ ಅವಕಾಶವಿದೆ. ಇಷ್ಟು ಸೌಲಭ್ಯ ಅಲ್ಲಾಹನು ಕೊಟ್ಟಿದ್ದಾನೆಂದು ಆ ಹುಡುಗನಿಗೆ ಯಾರು ಹೇಳಿದ್ದಾರೆ?

ಯಾರೂ ಹೇಳಿರಲಿಕ್ಕಿಲ್ಲ. ಕಾರವಾರದ ಬೈತಖೋಲದಿಂದ ಭಟ್ಕಳದವರೆಗೆ ಬಂದರುಗಳ ದಕ್ಕೆಯಲ್ಲಿ ನಮ್ಮ ಎಷ್ಟೋ ಮಕ್ಕಳು ದುಡಿಯುತ್ತಾರೆ. ಅವರ ಕೈಗೆ ಕೊಡಲು ಸರಳ ಕನ್ನಡದ ನಾಲ್ಕು ಪುಟದ ಪುಸ್ತಿಕೆ ಮಾಡೋಣ ಎಂದು ನಾನು ವರ್ಷಗಳಿಂದ ಕಂಡವರನ್ನೆಲ್ಲ ಕೇಳುತ್ತಿದ್ದೇನೆ. ಮಸೀದಿಗೆ ಅಮೃತಶಿಲೆ ಹಾಸಲು ಹಣ ಕೂಡುತ್ತದೆ, ಹೆದರಿಸುವ ಕರಪತ್ರಕ್ಕೆ ಹಣ ಕೂಡುತ್ತದೆ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿತದ್ದು ಕನ್ನಡ. ಅವರು ಓದಲಾರದ ಭಾಷೆಯಲ್ಲಿ ಕಿತಾಬುಗಳನ್ನಿಟ್ಟು, ಅವರು ಓದಬಲ್ಲ ಭಾಷೆಯಲ್ಲಿ ಹಾವನ್ನು ಮಾತ್ರ ಇಟ್ಟಿದ್ದೇವೆ. ನಿಮ್ಮದೇ ಹೊನ್ನಾವರಕ್ಕೆ 14ನೇ ಶತಮಾನದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಬಂದಿದ್ದ. ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಬರೆದಿದ್ದಾನೆ. ಅಲ್ಲಿಯ ಹೆಂಗಸರು ಕುರ್‌ಆನ್ ಬಾಯಿಪಾಠ ಬಲ್ಲವರು ಎಂದಿದ್ದಾನೆ. ಊರಿನ ಸುಲ್ತಾನ ಬೆಳಕು ಹರಿಯುವ ಮುನ್ನವೇ ಮಸೀದಿಗೆ ಬಂದು, ಕುರ್‌ಆನ್ ಓದುತ್ತಾ ಕೂತು, ಫಜ್ರ್ ಆದೊಡನೆ ನಮಾಜ್ ಮಾಡುತ್ತಿದ್ದ ಎಂದೂ ಬರೆದಿದ್ದಾನೆ. ಅಷ್ಟೊಂದು ಶಾಲೆಗಳಿದ್ದ ಊರಿನಲ್ಲಿ ಒಬ್ಬ ತಾಯಿಗೆ ಇಂದು ಸಿಕ್ಕಿದ್ದು ಈ ಕಾಗದ.

ನಮಾಜ್ ಮಾಡುವವರಾದ ನಮ್ಮ ಬಗ್ಗೆಯೂ ಕುರ್‌ಆನ್ ಸುಮ್ಮನಿಲ್ಲ. ಮಾಊನ್ ಅಧ್ಯಾಯದಲ್ಲಿ "ವಿನಾಶವಿದೆ" ಎಂದು ಹೇಳಿರುವುದು ನಮಾಜಿಗಳಿಗೇ. ತಮ್ಮ ನಮಾಜಿನ ಬಗ್ಗೆ ಅಲಕ್ಷ್ಯ ತೋರುವವರು, ತೋರಿಕೆಗೆ ಮಾಡುವವರು, ಸಣ್ಣಪುಟ್ಟ ವಸ್ತುವನ್ನೂ ಇನ್ನೊಬ್ಬರಿಗೆ ಕೊಡದವರು. ಮೊದಲ ಸಾಲಿನಲ್ಲಿ ನಿಂತು, ಕೆಲಸದವರ ಕೂಲಿ ಬಾಕಿ ಇಟ್ಟುಕೊಳ್ಳುವವರನ್ನು ನಾನು ಬಲ್ಲೆ. ಅವರ ಗೋಡೆಗೆ ಯಾರೂ ಕರಪತ್ರ ಅಂಟಿಸುವುದಿಲ್ಲ.

ನಿಮ್ಮ ಪತಿಗೆ ನನ್ನ ಸಲಾಂ ಹೇಳಿ. ಅವರ ಸಂಕಟ ನನಗೆ ಅರ್ಥವಾಗುತ್ತದೆ. "ನಿನ್ನ ಮನೆಯವರಿಗೆ ನಮಾಜಿನ ಆದೇಶ ನೀಡು, ನೀನೂ ಅದರಲ್ಲಿ ಸ್ಥಿರವಾಗಿರು" ಎಂದು ತಾಹಾ ಅಧ್ಯಾಯದಲ್ಲಿದೆ. ಮಾತು ಬಿಟ್ಟವರು ಆದೇಶ ಕೊಡುವುದು ಹೇಗೆ? ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ 61 ದಿನ ಬೋಟು ನೀರಿಗಿಳಿಯುವುದಿಲ್ಲ. ಮಗ ಮನೆಯಲ್ಲೇ ಇರುತ್ತಾನೆ. ಮಳೆಯಲ್ಲಿ ಒಂದೇ ಕೊಡೆ ಹಿಡಿದು ಅಪ್ಪ ಮಗ ಫಜ್ರ್‌ಗೆ ಹೋಗಲಿ. ಮೊದಲ ದಿನ ಅವನು ಏಳದಿದ್ದರೆ ಅಪ್ಪ ಒಬ್ಬರೇ ಹೋಗಿಬಂದು, ಚಾ ಕುಡಿಯುವಾಗ ಬೋಟಿನ ಸುದ್ದಿ ಕೇಳಲಿ. ಬಿಟ್ಟುಹೋದ ಎರಡು ವರ್ಷದ ನಮಾಜ್ ಸಾಲವಿದ್ದಂತೆ, ತೀರಿಸಬೇಕು ಎಂಬುದು ನಾಲ್ಕೂ ಧರ್ಮಶಾಸ್ತ್ರ ಪಂಥಗಳ, ಅಂದರೆ ಮದ್‌ಹಬ್‌ಗಳ ಮಾತು. ದಿನಕ್ಕೆ ಫರ್ಝ್ (ಕಡ್ಡಾಯ) 17 ರಕಅತ್. ಪ್ರತಿ ವಕ್ತಿನ ಫರ್ಝ್ ಜೊತೆ ಹಳೆಯದೊಂದು ಕಝಾ ಮಾಡುತ್ತ ಬಂದರೆ ಎರಡು ವರ್ಷದಲ್ಲಿ ಮುಗಿಯುತ್ತದೆ. ಆದರೆ ಈ ಲೆಕ್ಕವನ್ನು ಮೊದಲ ದಿನವೇ ಅವನ ಮುಂದೆ ಹರಡಬೇಡಿ. ಅವನೇ ಕೇಳುವ ದಿನ ಬರುತ್ತದೆ, ಇನ್ಶಾ ಅಲ್ಲಾಹ್.

ಮಗಳಿಗೆ ಮಾತ್ರ ಇವತ್ತು ರಾತ್ರಿಯೇ ಹೇಳಿ. ಆ ಹಾವು ಅಣ್ಣನದ್ದಲ್ಲ ಎನ್ನಿ. ಅಣ್ಣನಿಗಾಗಿ ದುಆ ಮಾಡು ಎಂದು ಅವಳ ಎರಡು ಪುಟ್ಟ ಕೈಗಳನ್ನು ಜೋಡಿಸಿ ತೋರಿಸಿ. ಗೋಡೆಯ ಕಾಗದ ಅಂಟಿಕೊಂಡುಬಿಟ್ಟಿದ್ದರೆ ಸ್ವಲ್ಪ ನೀರು ಚಿಮುಕಿಸಿ, ಸುಣ್ಣ ಏಳದಂತೆ ಬಿಡಿಸಬಹುದು.