ಹಾಯಿದೋಣಿ ರೇಸ್‌ನಲ್ಲಿ ದೋಣಿಗಳು ನೇರ ಹೋಗದೆ ಅಂಕುಡೊಂಕಾಗಿ ಹೋಗುವುದೇಕೆ?

ಕೆಆರ್‌ಎಸ್ ಹಿನ್ನೀರಿನಲ್ಲಿ ಸಣ್ಣ ಹಾಯಿದೋಣಿಗಳ ರೇಸ್ ನೋಡಿ ನೀವು ಕೇಳಿದ್ದೀರಿ: ದೋಣಿಗಳು ತಲುಪಬೇಕಾದ ಗುರುತಿನ ತೇಲುಬುರುಡೆ (ಬಾಯ್) ಎದುರಿಗೇ ಇದ್ದರೂ ಸುತ್ತುದಾರಿ ಯಾಕೆ ಎಂದು.

ನೇರ ಹೋಗಲು ಆಗುವುದಿಲ್ಲ, ಅಷ್ಟೇ. ರೇಸ್‌ನ ಮೊದಲ ಹಂತವನ್ನು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಇಡುತ್ತಾರೆ. ಗಾಳಿಗೆ ನೇರ ಮೂತಿ ಮಾಡಿದರೆ ಹಾಯಿ ಪಟಪಟ ಬಡಿದುಕೊಂಡು ದೋಣಿ ನಿಂತೇಬಿಡುತ್ತದೆ. ಎಡಕ್ಕೋ ಬಲಕ್ಕೋ ಸುಮಾರು 45 ಡಿಗ್ರಿ ತಿರುಗಿಸಿದರೆ ಹಾಯಿ ವಿಮಾನದ ರೆಕ್ಕೆಯಂತೆ ಕೆಲಸ ಮಾಡುತ್ತದೆ. ಆದರೆ ಆಗ ದೋಣಿಯನ್ನು ಮುಂದಕ್ಕಿಂತ ಪಕ್ಕಕ್ಕೇ ಜಾಸ್ತಿ ತಳ್ಳುತ್ತದೆ. ಆ ಜಾರಾಟವನ್ನು ತಡೆಯುವುದು ನೀರೊಳಗಿನ ಹಲಗೆ, ಅಂದರೆ ಡ್ಯಾಗರ್‌ಬೋರ್ಡ್. ದಡದಿಂದ ಅದು ಕಾಣುವುದಿಲ್ಲ. ಪಾಪ, ಹೊಗಳಿಕೆಯೆಲ್ಲ ಹಾಯಿಗೆ!

ಹೀಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತಾ ಗುರುತು ತಲುಪಬೇಕು. ನಿಜವಾದ ಆಟ ಇರುವುದು ಯಾವಾಗ ತಿರುಗಬೇಕು ಎಂಬುದರಲ್ಲಿ. ಪ್ರತಿ ತಿರುವಿಗೂ ವೇಗ ಕಳೆಯುತ್ತದೆ, ಸುಮ್ನೆ ತಿರುಗುತ್ತಾ ಇದ್ದರೆ ಹಿಂದೆ ಬೀಳುತ್ತೀರಿ. ಆದರೆ ಗಾಳಿಯ ದಿಕ್ಕು 10 ಡಿಗ್ರಿ ಬದಲಾದರೂ ಒಂದು ಕಡೆಯ ದಾರಿ ಹತ್ತಿರವಾಗುತ್ತದೆ, ಇನ್ನೊಂದು ದೂರ. ಅದಕ್ಕೇ ಪಳಗಿದವರು ನೀರಿನ ಮೇಲಿನ ಕಪ್ಪು ಸುಕ್ಕುಗಳನ್ನು ನೋಡುತ್ತಿರುತ್ತಾರೆ. ಅಲ್ಲಿ ಗಾಳಿ ಜೋರು. ಒಳನಾಡಿನ ನೀರಿನಲ್ಲಿ ಗಾಳಿ ಮರ, ದಿಬ್ಬ ದಾಟಿ ಬರುವುದರಿಂದ ಸಮುದ್ರದ ಗಾಳಿಗಿಂತ ಚಂಚಲ. ನನಗಂತೂ ನೋಡಲು ಇದೇ ಮಜಾ.

ಎರಡು ದೋಣಿ ಎದುರುಬದುರಾದರೆ? ಬಲಬದಿಯಿಂದ ಗಾಳಿ ಪಡೆಯುವ ದೋಣಿಗೆ ಮೊದಲ ಹಕ್ಕು. ‘ಸ್ಟಾರ್‌ಬೋರ್ಡ್!’ (ಅಂದರೆ ದೋಣಿಯ ಬಲಬದಿ) ಎಂಬ ಕೂಗು ಇದಕ್ಕೇ.

ಇನ್ನು, ಮೊದಲು ಬಂದವರೇ ಗೆದ್ದರು ಅಂದುಕೊಳ್ಳಬೇಡಿ. 2.3 ಮೀಟರ್‌ನ ಆಪ್ಟಿಮಿಸ್ಟ್, 4.2 ಮೀಟರ್‌ನ ಲೇಸರ್ ಎಂಬ ಬೇರೆ ಬೇರೆ ಬಗೆಯ ದೋಣಿಗಳು ಒಟ್ಟಿಗೆ ಓಡಿದರೆ ಕ್ಲಬ್‌ಗಳು ಹ್ಯಾಂಡಿಕ್ಯಾಪ್ (ನಿಧಾನದ ದೋಣಿಗೆ ಸಮಯದ ರಿಯಾಯಿತಿ) ಹಾಕಿ ಸಮಯ ಲೆಕ್ಕ ಮಾಡುವುದುಂಟು.