ಮೂವರು ತಜ್ಞರು, ಹನ್ನೊಂದು ಮಾತ್ರೆ: ಒಟ್ಟಾರೆ ನೋಡುವವರು ಯಾರು?

ಅಮ್ಮನಿಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಕಿಡ್ನಿ ತೊಂದರೆ ಮೂರೂ ಇವೆ, ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತೆ, ನನ್ನ ತಂದೆಯ ವಿಷಯದಲ್ಲಿ ಇದನ್ನೇ ಅನುಭವಿಸಿದ್ದೇನೆ.

ಮೊದಲು ಒಂದು ಚೀಲ ತಗೊಳ್ಳಿ. ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್, ಇನ್ಸುಲಿನ್, ನೋವಿನ ಗುಳಿಗೆ, ಗಿಡಮೂಲಿಕೆ ಪುಡಿ ಸಮೇತ ಅದರಲ್ಲಿ ಹಾಕಿ, ಒಬ್ಬ ವೈದ್ಯರ ಅಥವಾ ಫಾರ್ಮಸಿಸ್ಟ್ ಮುಂದೆ ಸುರಿಯಿರಿ. ಅಪ್ಪನ ಚೀಲದಲ್ಲಿ ಒಂದೇ ರಕ್ತದೊತ್ತಡದ ಔಷಧ ಎರಡು ಕಂಪನಿಯ ಹೆಸರಲ್ಲಿತ್ತು. ಎರಡನ್ನೂ ನುಂಗುತ್ತಿದ್ದರು, ಎದ್ದು ನಿಂತರೆ ತಲೆಸುತ್ತು!

ನೋವಿನ ಗುಳಿಗೆ ಬಗ್ಗೆ ವಿಶೇಷವಾಗಿ ಕೇಳಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದವು ಕಿಡ್ನಿಗೆ ಹೊರೆ. ಕೆಲವು ಬಿಪಿ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆ ಸೇರಿದರೆ ಅಪಾಯ ಇನ್ನೂ ಜಾಸ್ತಿ. ಆದರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಇನ್ನೊಂದು ಮಾತು. ಮೂವರಲ್ಲಿ ಒಬ್ಬರನ್ನು, ಇಲ್ಲವೇ ಕುಟುಂಬ ವೈದ್ಯರನ್ನು, "ಒಟ್ಟು ಚಿಕಿತ್ಸೆಯ ಹೊಣೆ ನೀವು ತಗೊಳ್ತೀರಾ?" ಅಂತ ನೇರವಾಗಿ ಕೇಳಿ. ಸಂಕೋಚ ಬೇಡ. ವ್ಯವಸ್ಥೆಯಲ್ಲಿ ಈ ಜವಾಬ್ದಾರಿ ಯಾರಿಗೂ ತಾನಾಗಿ ಬರುವುದಿಲ್ಲ, ನನಗೆ ಅತ್ಯಂತ ನೋವು ಕೊಡುವ ಸಂಗತಿಯೇ ಅದು. ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ನಿಂತಿತು, ಯಾಕೆ ಅಂತ ಬರೆಸಿಕೊಳ್ಳಿ. ಎಷ್ಟೋ ಎಡವಟ್ಟು ಅಲ್ಲೇ ಆಗೋದು.

ಅಮ್ಮನಿಗೆ ಏನು ಮುಖ್ಯ ಅಂತಲೂ ಕೇಳಿ ನೋಡಿ. ಅಪ್ಪನಿಗೆ ರಾತ್ರಿ ನಾಲ್ಕು ಸಲ ಏಳದೆ ಮಲಗಬೇಕಿತ್ತು, ಅಷ್ಟೇ. ಮೂತ್ರದ ಮಾತ್ರೆಯನ್ನು ವೈದ್ಯರು ಬೆಳಗಿನ ಹೊತ್ತಿಗೆ ಬದಲಾಯಿಸಿದರು, ನಿದ್ದೆ ಬಂತು.